ಬಿದ್ದವರಿಗೆ ಉಳಿದ ಕೆಲಸ: ಕ್ರೈಸ್ತ ಪರಂಪರೆಯಲ್ಲಿ ವೈಫಲ್ಯ, ಕ್ಷಮೆ ಮತ್ತು ಕರೆ

ಕ್ರೈಸ್ತ ಧರ್ಮದ ಚರಿತ್ರೆಯನ್ನು ರಕ್ತಸಾಕ್ಷಿಗಳ ಚರಿತ್ರೆಯಾಗಿ, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರ ಕಥನವಾಗಿ ಓದುವ ರೂಢಿ ಬಹಳ ಹಳೆಯದು. ಆದರೆ ಬೆಂಕಿಗೂ ಕತ್ತಿಗೂ ಅಂಜದೆ ನಿಂತವರು ಎಲ್ಲ ಕಾಲದಲ್ಲಿಯೂ ಕೆಲವರೇ. ಹೆದರಿ ಹಿಂದೆ ಸರಿದವರು, ಆಸೆಗೆ ಸೋತವರು, ಹೊತ್ತ ಹೊಣೆಯನ್ನು ನಡುದಾರಿಯಲ್ಲಿ ಇಳಿಸಿ ಮನೆಗೆ ಮರಳಿದವರು ಅವರಿಗಿಂತ ಎಷ್ಟೋ ಹೆಚ್ಚು. ಇಂಥವರನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಧರ್ಮಸಭೆ ಮೊದಲ ಶತಮಾನದಿಂದಲೂ ಉತ್ತರ ಹುಡುಕುತ್ತ ಬಂದಿದೆ. ಆ ಉತ್ತರಗಳನ್ನು ಒಟ್ಟಿಗಿಟ್ಟು ನೋಡಿದರೆ, ಸೋತವನಿಗೆ ಕ್ಷಮೆ ಉಂಟೇ ಎಂಬ ವಾದ ಮೂರ್ನಾಲ್ಕು ಶತಮಾನಗಳಲ್ಲಿಯೇ ಬಹುಮಟ್ಟಿಗೆ ತೀರ್ಮಾನವಾದದ್ದು ಕಾಣುತ್ತದೆ. ಕ್ಷಮೆ ಪಡೆದವನು ಮುಂದೇನು ಮಾಡಬೇಕು, ಹಳೆಯ ಸ್ಥಾನವೇ ಅವನಿಗೆ ಮರಳಬೇಕೇ ಅಥವಾ ಬೇರೊಂದು ಕೆಲಸ ಅವನ ಪಾಲಿಗೆ ಬರಬೇಕೇ ಎಂಬುದು ಮಾತ್ರ ಇಂದಿಗೂ ಇತ್ಯರ್ಥವಾಗಿಲ್ಲ. ಕ್ರೈಸ್ತ ಪರಿಭಾಷೆಯಲ್ಲಿ ಮೊದಲನೆಯದು ಕೃಪೆಯ ವಿಷಯ. ಕೃಪೆಯೆಂದರೆ ಪಡೆಯುವವನ ಯೋಗ್ಯತೆಯನ್ನು ನೋಡದೆ ದೇವರು ತಾನಾಗಿ ನೀಡುವ ಅನುಗ್ರಹ. ಎರಡನೆಯದು ಕರೆಯ ವಿಷಯ. ಕರೆಯೆಂದರೆ ಒಬ್ಬನನ್ನು ಹೆಸರು ಹಿಡಿದು ಒಪ್ಪಿಸಿದ ಕೆಲಸ. ಮೂಲ ಕಥನಗಳಲ್ಲಿ ಒಟ್ಟಿಗೇ ಹೆಣೆದುಕೊಂಡಿದ್ದ ಈ ಎರಡು ಎಳೆಗಳು ಸಂಸ್ಥೆಯ ಕೈಗೆ ಬಂದಾಗ ಬೇರೆಬೇರೆಯಾದವು. ಹಾಗೆ ಬೇರ್ಪಡಿಸಿದ್ದಕ್ಕೆ ತಕ್ಕ ಕಾರಣವೂ ಇತ್ತು, ಅದರಿಂದ ಆದ ನಷ್ಟವೂ ಸಣ್ಣದಲ್ಲ.

ಮೂಲ ಕಥನಗಳಲ್ಲಿ ಮೊದಲು ಬರುವವನು ಪೇತ್ರ. ಯೇಸುವನ್ನು ಬಂಧಿಸಿದ ರಾತ್ರಿ ಮಹಾಯಾಜಕನ ಅಂಗಳದಲ್ಲಿ ಚಳಿಗೆ ಕೆಂಡ ಕಾಯಿಸಿಕೊಳ್ಳುತ್ತ ನಿಂತಿದ್ದ ಅವನು, ಆ ಮನುಷ್ಯನ ಪರಿಚಯವೇ ತನಗಿಲ್ಲವೆಂದು ಮೂರು ಬಾರಿ ಹೇಳಿದನೆಂಬುದನ್ನು ನಾಲ್ಕು ಸುವಾರ್ತೆಗಳೂ ದಾಖಲಿಸಿವೆ. ಒಂದು ಪಂಥ ತನ್ನ ಪ್ರಮುಖ ನಾಯಕನ ಹೇಡಿತನವನ್ನು ನಾಲ್ಕು ಗ್ರಂಥಗಳಲ್ಲಿಯೂ ಮುಚ್ಚಿಡದೆ ಬರೆದಿಟ್ಟುಕೊಂಡದ್ದೇ ಗಮನಾರ್ಹವಾದ ಸಂಗತಿ. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಪುನರುತ್ಥಾನಗೊಂಡ ಯೇಸು ತಿಬೇರಿಯ ಸರೋವರದ ದಡದಲ್ಲಿ ಮತ್ತೆ ಕೆಂಡ ಹೊತ್ತಿಸಿ, ಮೀನು ಸುಟ್ಟು, ರಾತ್ರಿಯಿಡೀ ಬಲೆ ಬೀಸಿ ಬಂದ ಶಿಷ್ಯರಿಗೆ ಬೆಳಗಿನ ಊಟ ಕೊಡುತ್ತಾನೆ. ಊಟವಾದ ಮೇಲೆ ಪೇತ್ರನಿಗೆ ತನ್ನ ಮೇಲೆ ಪ್ರೀತಿಯುಂಟೇ ಎಂದು ಮೂರು ಬಾರಿ ಕೇಳಿ, ಮೂರು ಬಾರಿಯೂ ತನ್ನ ಮಂದೆಯನ್ನು ಕಾಯುವ ಕೆಲಸವನ್ನು ಅವನಿಗೆ ಒಪ್ಪಿಸುತ್ತಾನೆ. ಈ ಸಂಭಾಷಣೆಯಲ್ಲಿ ಆ ರಾತ್ರಿಯ ಪ್ರಸ್ತಾಪವಿಲ್ಲ, ಕ್ಷಮಿಸಿದೆನೆಂಬ ಮಾತೂ ಇಲ್ಲ. ಕೆಲಸವನ್ನು ಒಪ್ಪಿಸಿದ್ದರಲ್ಲಿಯೇ ಕ್ಷಮೆ ಅಡಗಿದೆ. ಮೂರನೆಯ ಸಲ ಕೇಳಿದಾಗ ಪೇತ್ರನಿಗೆ ನೋವಾಯಿತೆಂದು ಸುವಾರ್ತಾಕಾರ ಸೇರಿಸುತ್ತಾನೆ; ಆ ನೋವು ಯಾತಕ್ಕೆಂದು ಓದುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪೇತ್ರನ ಪಕ್ಕದಲ್ಲಿ ಯೂದ ಇಸ್ಕರಿಯೋತನನ್ನು ನಿಲ್ಲಿಸಿ ನೋಡುವುದು ಉಪದೇಶಕರ ಹಳೆಯ ಅಭ್ಯಾಸ. ಒಬ್ಬನದು ನಿಜವಾದ ಪಶ್ಚಾತ್ತಾಪ, ಇನ್ನೊಬ್ಬನದು ಬರಿಯ ಹತಾಶೆ ಎಂಬ ವಿವರಣೆ ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಮತ್ತಾಯನ ಕಥನವನ್ನು ಗಮನವಿಟ್ಟು ಓದಿದರೆ ಯೂದನೂ ತಾನು ಮಾಡಿದ್ದು ಪಾಪವೆಂದು ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ, ಪಡೆದ ಮೂವತ್ತು ಬೆಳ್ಳಿ ನಾಣ್ಯಗಳನ್ನು ಮರಳಿಸಲು ಹೋಗಿದ್ದಾನೆ. ಅದು ನಿನ್ನ ಪಾಡು ಎಂಬರ್ಥದಲ್ಲಿ ಯಾಜಕರು ಅವನನ್ನು ಅಟ್ಟಿದ್ದಾರೆ. ಪೇತ್ರನಾದರೋ ಅತ್ತ ನಂತರವೂ ಉಳಿದ ಶಿಷ್ಯರ ನಡುವೆಯೇ ಇದ್ದ. ಇಬ್ಬರ ನಡುವಿನ ಅಂತರವನ್ನು ಅವರ ಮನಸ್ಸಿನೊಳಗೆ ಹುಡುಕುವುದಕ್ಕಿಂತ, ಸೋತ ಮೇಲೆ ಅವರು ಯಾರ ಬಳಿಗೆ ಹೋದರು, ಅಲ್ಲಿ ಯಾರು ಬಾಗಿಲು ತೆರೆದರು ಎಂಬುದರಲ್ಲಿ ಹುಡುಕುವುದು ಪಠ್ಯಕ್ಕೆ ಹೆಚ್ಚು ನಿಷ್ಠವಾದ ಓದು. ಪೇತ್ರನ ಸೋಲು ಅಲ್ಲಿಗೇ ಮುಗಿಯಲಿಲ್ಲ ಎಂಬುದನ್ನೂ ಮರೆಯಲಾಗದು: ಅಂತಿಯೋಕ್ಯದಲ್ಲಿ ಯೆಹೂದ್ಯೇತರ ವಿಶ್ವಾಸಿಗಳ ಜೊತೆ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಿದ್ದ ಅವನು, ಯೆರೂಸಲೇಮಿನಿಂದ ಕೆಲವರು ಬಂದೊಡನೆ ಅಂಜಿ ಬೇರೆ ಕುಳಿತನೆಂದೂ, ಅದಕ್ಕಾಗಿ ತಾನು ಎಲ್ಲರೆದುರು ಅವನನ್ನು ಖಂಡಿಸಿದೆನೆಂದೂ ಪೌಲನು ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಹೇಳುತ್ತಾನೆ. ಮಂದೆಯನ್ನು ಒಪ್ಪಿಸಿಕೊಂಡ ಮೇಲೂ ಕುರುಬನ ಅಂಜುಬುರುಕುತನ ಪೂರ್ತಿ ಹೋಗಿರಲಿಲ್ಲ.

ಇದಕ್ಕಿಂತ ಕಠಿಣವಾದದ್ದು ದಾವೀದನ ಪ್ರಕರಣ. ಬತ್ಷೆಬೆಗಾಗಿ ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ ಅರಸನಿಗೆ ಪ್ರವಾದಿ ನಾತಾನನು ಅವನ ತಪ್ಪನ್ನು ತೋರಿಸಿಕೊಟ್ಟಾಗ ಅರಸ ಒಪ್ಪಿಕೊಂಡ, ಅವನ ಪ್ರಾಣವೂ ಸಿಂಹಾಸನವೂ ಉಳಿದವು. ಆದರೆ ಮಗು ಸತ್ತಿತು, ಮನೆ ಒಡೆಯಿತು, ಮಗನೇ ಬಂಡೆದ್ದ, ಊರೀಯನಂತೂ ಎದ್ದು ಬರಲಿಲ್ಲ. ಕೃಪೆ ಪರಿಣಾಮಗಳನ್ನು ಅಳಿಸುವುದಿಲ್ಲ ಎಂಬ ತತ್ತ್ವವನ್ನು ದೇವಶಾಸ್ತ್ರಿಗಳು ಇಲ್ಲಿಂದಲೇ ಎತ್ತಿಕೊಂಡರು. ನೈತಿಕ ಪತನವೇ ಅಲ್ಲದ, ಕೇವಲ ಕೈಲಾಗದೆ ಬಿಟ್ಟುಹೋದ ಸೋಲಿಗೂ ಹೊಸ ಒಡಂಬಡಿಕೆಯಲ್ಲಿ ಒಂದು ಉದಾಹರಣೆಯುಂಟು. ಪೌಲ ಮತ್ತು ಬಾರ್ನಬರ ಜೊತೆ ಹೊರಟ ತರುಣ ಮಾರ್ಕನು ಪಂಫುಲ್ಯದ ಪೆರ್ಗದಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ಮರಳಿದ. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದೊಯ್ಯಲು ಪೌಲ ಒಪ್ಪದೆ ಹೋದದ್ದರಿಂದ ಹಿರಿಯರಿಬ್ಬರಿಗೂ ಜಗಳವಾಗಿ, ಬಾರ್ನಬನು ಮಾರ್ಕನನ್ನು ಕರೆದುಕೊಂಡು ಸೈಪ್ರಸ್ಸಿಗೆ ಹೋದ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅದೇ ಮಾರ್ಕನು ಸೇವೆಗೆ ಉಪಯುಕ್ತನೆಂದೂ ಅವನನ್ನು ಕರೆತರಬೇಕೆಂದೂ ಬರೆದಿದೆ. ನಡುವೆ ಏನಾಯಿತೆಂದು ಗ್ರಂಥ ಹೇಳುವುದಿಲ್ಲ; ಮೊದಲು ನಂಬಿ ಕೆಲಸ ಕೊಟ್ಟವನು ಬಾರ್ನಬ ಎಂಬುದಷ್ಟೇ ಗೊತ್ತು. ಪೌಲನ ಪ್ರಸಿದ್ಧಿಯ ನೆರಳಿನಲ್ಲಿ ಬಾರ್ನಬನ ಈ ಗುಣವನ್ನು ಉಪದೇಶಗಳಲ್ಲಿ ನೆನೆಯುವುದು ಅಪರೂಪ.

ಈ ಕಥನಗಳು ಕೈಯಲ್ಲಿದ್ದರೂ ಎರಡನೆಯ ಶತಮಾನದ ಸಭೆಗಳು ಬಿಗಿಯಾಗಿಯೇ ಇದ್ದವು. ದೀಕ್ಷಾಸ್ನಾನ, ಅಂದರೆ ನೀರಿನಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ, ಹಿಂದಿನ ಪಾಪಗಳನ್ನೆಲ್ಲ ತೊಳೆಯುತ್ತದೆಂಬುದು ಎಲ್ಲರಿಗೂ ಒಪ್ಪಿತವಾಗಿತ್ತು. ಅದರ ನಂತರ ಮಾಡಿದ ಘೋರಪಾಪಕ್ಕೆ ಏನು ಗತಿ ಎಂಬುದೇ ತೊಡಕು. ಒಮ್ಮೆ ಬೆಳಕು ಕಂಡು ಜಾರಿದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರುವುದು ಸಾಧ್ಯವಿಲ್ಲವೆಂದು ಇಬ್ರಿಯರಿಗೆ ಬರೆದ ಪತ್ರಿಕೆ ಎಚ್ಚರಿಸಿತ್ತು. ರೋಮಿನಲ್ಲಿ ರಚಿತವಾದ 'ಹೆರ್ಮಾಸನ ಕುರುಬ' ಎಂಬ ಕೃತಿ ಒಂದೇ ಒಂದು ಅವಕಾಶ ಉಂಟೆಂದಿತು. ಉತ್ತರ ಆಫ್ರಿಕದ ತೆರ್ತುಲಿಯನ್ ಮೊದಲು ಈ ಒಂದು ಅವಕಾಶವನ್ನು ಒಪ್ಪಿ, ಮುಂದೆ ಕಟ್ಟುನಿಟ್ಟಿನ ಮೊಂತಾನ ಪಂಥದ ಕಡೆಗೆ ವಾಲಿದ ಮೇಲೆ, ವ್ಯಭಿಚಾರದಂಥ ಪಾಪಗಳನ್ನು ಕ್ಷಮಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ ಇಲ್ಲವೆಂದು ವಾದಿಸಿದ.

ಪುಸ್ತಕಗಳಲ್ಲಿದ್ದ ಈ ವಾದವನ್ನು ಬೀದಿಗೆ ತಂದದ್ದು ರೋಮನ್ ಚಕ್ರವರ್ತಿ ಡೆಸಿಯಸ್. ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಅವನು ಹೊರಡಿಸಿದ ಆಜ್ಞೆಯಂತೆ 250ರಲ್ಲಿ ಊರೂರಿನಲ್ಲಿ ಸಮಿತಿಗಳು ಕುಳಿತವು. ಇಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಒಣ ಮರಳಿನಲ್ಲಿ ಪಪೈರಸ್ ಹಾಳೆಗಳಾಗಿ ಉಳಿದು ಬಂದಿವೆ. 250ರ ಜೂನ್ 26ರ ತಾರೀಖಿರುವ ಒಂದರಲ್ಲಿ ಅಲೆಗ್ಸಾಂಡರನ ದ್ವೀಪವೆಂಬ ಹಳ್ಳಿಯ, 72 ವರ್ಷ ವಯಸ್ಸಿನ, ಬಲ ಹುಬ್ಬಿನ ಮೇಲೆ ಗಾಯದ ಕಲೆಯುಳ್ಳ ಔರೇಲಿಯಸ್ ದಿಯೋಗೆನೆಸ್ ಎಂಬಾತ, ತಾನು ಮೊದಲಿನಿಂದಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನೆಂದೂ, ಈಗ ಅಧಿಕಾರಿಗಳ ಕಣ್ಣೆದುರಿನಲ್ಲಿಯೇ ಬಲಿ ಅರ್ಪಿಸಿ ನೈವೇದ್ಯದ ರುಚಿ ನೋಡಿರುವೆನೆಂದೂ ಅರ್ಜಿ ಬರೆದು, ದೃಢೀಕರಿಸಬೇಕೆಂದು ಕೋರುತ್ತಾನೆ. ಈತ ಕ್ರೈಸ್ತನಾಗಿದ್ದನೋ ಇಲ್ಲವೋ ಎಂಬುದನ್ನು ಆ ಹಾಳೆಯಿಂದ ತಿಳಿಯಲಾಗದು, ಏಕೆಂದರೆ ಆಜ್ಞೆ ಎಲ್ಲರಿಗೂ ಅನ್ವಯಿಸುತ್ತಿತ್ತು. ಆದರೆ ಸಹಿ, ತಾರೀಖು, ಗುರುತಿನ ಕಲೆಗಳ ಈ ಸರ್ಕಾರಿ ಕಾಗದ ನಂಬಿಕೆಯ ಸೋಲು ಎಷ್ಟು ಸಾಮಾನ್ಯವಾದ ರೂಪದಲ್ಲಿ ಎದುರಾಯಿತೆಂಬುದನ್ನು ಯಾವ ಉಪದೇಶಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ. ಚಿತ್ರಹಿಂಸೆ ಒದಗಿದ್ದು ಕೆಲವರಿಗೆ. ಬಹುಮಂದಿಗೆ ಒದಗಿದ್ದು ಸರದಿಯ ಸಾಲು, ಗುಮಾಸ್ತ, ಮತ್ತು ಒಂದು ಚಿಟಿಕೆ ಧೂಪ.

ಹೀಗೆ ಜಾರಿದವರನ್ನು ಲ್ಯಾಟಿನ್ ಭಾಷೆಯ ಸಭೆಗಳು 'ಲಾಪ್ಸಿ', ಅಂದರೆ ಬಿದ್ದವರು, ಎಂದು ಕರೆದವು. ಅವರಲ್ಲಿ ನಿಜವಾಗಿ ಬಲಿ ಕೊಟ್ಟವರು, ಧೂಪವನ್ನಷ್ಟೇ ಹಾಕಿದವರು, ಏನನ್ನೂ ಅರ್ಪಿಸದೆ ಲಂಚ ಕೊಟ್ಟು ಪ್ರಮಾಣಪತ್ರ ಕೊಂಡವರು ಎಂಬ ಬೇರೆಬೇರೆ ವರ್ಗಗಳಾದವು. ಕಾರ್ಥೇಜ್ ನಗರದ ಧರ್ಮಾಧ್ಯಕ್ಷ ಸಿಪ್ರಿಯನ್‌ಗೆ ಇದು ಎರಡು ಪಟ್ಟು ಇಕ್ಕಟ್ಟಿನ ಪ್ರಸಂಗವಾಗಿತ್ತು, ಏಕೆಂದರೆ ಆಜ್ಞೆ ಹೊರಟೊಡನೆ ಅವನೇ ಊರು ಬಿಟ್ಟು ತಲೆಮರೆಸಿಕೊಂಡಿದ್ದ. ಸೆರೆಯಲ್ಲಿದ್ದು ಹಿಂಸೆ ಅನುಭವಿಸಿದವರಾದರೋ ಬಿದ್ದವರಿಗೆ ಕ್ಷಮಾಪತ್ರಗಳನ್ನು ಧಾರಾಳವಾಗಿ ಹಂಚತೊಡಗಿದ್ದರು. 251ರಲ್ಲಿ ಮರಳಿ ಬಂದ ಸಿಪ್ರಿಯನ್ ಬಿದ್ದವರ ಕುರಿತು ಗ್ರಂಥವೊಂದನ್ನು ಬರೆದು, ಪರಿಷತ್ತು ಕರೆದು, ಪ್ರತಿಯೊಬ್ಬನ ಸ್ಥಿತಿಯನ್ನೂ ಬೇರೆಬೇರೆಯಾಗಿ ವಿಚಾರಿಸಬೇಕೆಂಬ ನಿಲುವಿಗೆ ಬಂದ: ಪತ್ರ ಕೊಂಡವರನ್ನು ಪ್ರಾಯಶ್ಚಿತ್ತದ ನಂತರ ಸೇರಿಸಿಕೊಳ್ಳುವುದು, ಬಲಿ ಕೊಟ್ಟವರಿಗೆ ಮರಣದ ಹೊತ್ತಿನಲ್ಲಿ ಸಮಾಧಾನ ನೀಡುವುದು. ರೋಮಿನಲ್ಲಿ ನೊವೇಶಿಯನ್ ಇದನ್ನೂ ಒಪ್ಪದೆ, ಬಿದ್ದವರಿಗೆ ದೇವರು ಕ್ಷಮಿಸಬಹುದಾದರೂ ಸಭೆ ಬಾಗಿಲು ತೆರೆಯಲಾಗದೆಂದು ಹೇಳಿ ಪ್ರತ್ಯೇಕ ಸಭೆಯನ್ನೇ ಕಟ್ಟಿದ. ಅದು ಹಲವು ಶತಮಾನಗಳ ಕಾಲ ಬಾಳಿತು.

ಸಿಪ್ರಿಯನ್ ಮುಂದಿಟ್ಟ ಹೆಜ್ಜೆ ಇನ್ನೂ ಮಹತ್ತ್ವದ್ದು. ಮತ್ತೊಂದು ಹಿಂಸಾಚಾರ ಎರಗುವ ಸೂಚನೆ ಕಂಡಾಗ ಕಾರ್ಥೇಜಿನಲ್ಲಿ ಸೇರಿದ ಧರ್ಮಾಧ್ಯಕ್ಷರು ಪಶ್ಚಾತ್ತಾಪದಲ್ಲಿ ನಿರತರಾಗಿದ್ದ ಎಲ್ಲರನ್ನೂ ಕೂಡಲೇ ಸೇರಿಸಿಕೊಳ್ಳಲು ನಿರ್ಧರಿಸಿದರು. ಕ್ರಿಸ್ತನ ಶರೀರ ಮತ್ತು ರಕ್ತವೆಂದು ನಂಬಿ ಸ್ವೀಕರಿಸುವ ಪರಮಪ್ರಸಾದದಿಂದ ದೂರವಿಟ್ಟವರನ್ನು ರಕ್ತ ಚೆಲ್ಲಲು ಕರೆಯುವುದು ಹೇಗೆ ಎಂಬುದು ಅವರ ವಾದ. ಇಲ್ಲಿ ಕ್ಷಮೆ ಹಿಂದಿನದಕ್ಕೆ ಕೊಟ್ಟ ತೀರ್ಪಾಗಿ ಉಳಿಯದೆ ಮುಂದಿನ ಕೆಲಸಕ್ಕೆ ಕೊಟ್ಟ ಬುತ್ತಿಯಾಯಿತು. ಸರೋವರದ ದಡದ ಕಥನಕ್ಕೆ ಪ್ರಾಚೀನ ಸಭೆ ಇಷ್ಟು ಹತ್ತಿರ ಬಂದ ಸಂದರ್ಭಗಳು ಹೆಚ್ಚಿಲ್ಲ. ಸ್ವತಃ ಸಿಪ್ರಿಯನ್‌ನನ್ನು 258ರ ಸೆಪ್ಟೆಂಬರ್ 14ರಂದು ಕಾರ್ಥೇಜಿನಲ್ಲಿಯೇ ಶಿರಚ್ಛೇದ ಮಾಡಲಾಯಿತು. ಈ ಬಾರಿ ಅವನು ಸಾವಿನಿಂದ ತಪ್ಪಿಸಿಕೊಳ್ಳಲಿಲ್ಲ.

ಇದೇ ಸಿಪ್ರಿಯನ್ ಇನ್ನೊಂದು ವಿಷಯದಲ್ಲಿ ಕಲ್ಲಿನಂತೆ ನಿಂತ. ಸ್ಪೇನಿನ ಬಸಿಲಿದೆಸ್ ಮತ್ತು ಮಾರ್ತಿಯಾಲಿಸ್ ಎಂಬ ಇಬ್ಬರು ಧರ್ಮಾಧ್ಯಕ್ಷರು ಪ್ರಮಾಣಪತ್ರ ಪಡೆದು ಸ್ಥಾನ ಕಳೆದುಕೊಂಡು, ಮತ್ತೆ ಅದೇ ಪೀಠಕ್ಕೆ ಹಕ್ಕು ಸಾಧಿಸಲು ಬಂದಾಗ, ಅವರನ್ನು ಪಶ್ಚಾತ್ತಾಪಿಗಳಾಗಿ ಸ್ವೀಕರಿಸಬಹುದೇ ಹೊರತು ವೇದಿಕೆಗೆ ಹತ್ತಿಸಲಾಗದೆಂದು ತೀರ್ಪಿತ್ತ. ಇಟಲಿಯಲ್ಲಿ ತ್ರೋಫಿಮಸ್ ಎಂಬ ಗುರುವು ತನ್ನ ಜೊತೆ ಬಿದ್ದವರನ್ನೆಲ್ಲ ಕರೆದುಕೊಂಡು ಮರಳಿದಾಗ, ರೋಮಿನ ಧರ್ಮಾಧ್ಯಕ್ಷ ಕೊರ್ನೇಲಿಯಸ್ ಅವನನ್ನು ಸಾಮಾನ್ಯ ವಿಶ್ವಾಸಿಯಾಗಿ ಮಾತ್ರ ಸೇರಿಸಿಕೊಂಡನೆಂದು ಸಿಪ್ರಿಯನ್ನನ ಪತ್ರವೊಂದು ಹೇಳುತ್ತದೆ. ಕೃಪೆ ಒಂದು, ಅಧಿಕಾರ ಇನ್ನೊಂದು ಎಂಬ ವಿಂಗಡಣೆ ಇಲ್ಲಿ ಸ್ಪಷ್ಟವಾಗಿ ರೂಪುಗೊಂಡಿತು. ಇದಕ್ಕೆ ತಕ್ಕ ಕಾರಣ ಇಲ್ಲದೆ ಇರಲಿಲ್ಲ: ಮಂದೆಯನ್ನು ಬಿಟ್ಟು ಓಡಿದವನು ಮರಳಿ ಕೋಲು ಹಿಡಿದರೆ, ಓಡದೆ ನಿಂತು ಏಟು ತಿಂದವರು ಅವನ ಮಾತನ್ನು ಕೇಳಬೇಕಾಗುತ್ತದೆ. ಆದರೆ ಇದೇ ಮಾನದಂಡವನ್ನು ಪೇತ್ರನಿಗೆ ಹಿಡಿದಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ಆ ಕಾಲದವರು ನೇರವಾಗಿ ಎದುರಿಸಿದಂತೆ ಕಾಣುವುದಿಲ್ಲ.

ನಾಲ್ಕನೆಯ ಶತಮಾನದಲ್ಲಿ ಇದೇ ಜಗಳ ಇನ್ನೊಂದು ರೂಪ ತಾಳಿತು. 303ರಲ್ಲಿ ಡಯೋಕ್ಲಿಷಿಯನ್ ಆರಂಭಿಸಿದ ಹಿಂಸಾಚಾರದಲ್ಲಿ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದವರು ನೀಡಿದ ಅಭಿಷೇಕ ಸಿಂಧುವೇ ಎಂಬ ವಿವಾದದಿಂದ ಆಫ್ರಿಕದಲ್ಲಿ ದೊನಾತಿಸ್ತ ಪಂಥ ಹುಟ್ಟಿತು. 314ರ ಆರ್ಲ್ ಪರಿಷತ್ತೂ, ಒಂದು ಶತಮಾನದ ನಂತರ ಅಗಸ್ಟೀನನೂ ಕೊಟ್ಟ ಉತ್ತರ ಒಂದೇ: ಸಂಸ್ಕಾರದ ಸತ್ವ ಕ್ರಿಸ್ತನಿಂದ ಬರುತ್ತದೆ, ನೀಡುವವನ ನಡತೆಯಿಂದಲ್ಲ. ಸಾಮಾನ್ಯ ಜನರ ವಿಷಯದಲ್ಲಿ 325ರ ನಿಕೇಯ ಪರಿಷತ್ತು ವರ್ಷಗಳ ಲೆಕ್ಕ ಹಾಕಿತು. ಯಾವ ಒತ್ತಾಯವೂ ಇಲ್ಲದೆ ಧರ್ಮ ಬಿಟ್ಟವರು ಮೂರು ವರ್ಷ ವಾಚನವನ್ನು ಕೇಳುವವರಾಗಿ, ಏಳು ವರ್ಷ ಸಾಷ್ಟಾಂಗ ಬೀಳುವವರಾಗಿ, ಎರಡು ವರ್ಷ ಪ್ರಸಾದವಿಲ್ಲದೆ ಪ್ರಾರ್ಥನೆಯಲ್ಲಷ್ಟೇ ಭಾಗಿಗಳಾಗಿ ನಿಂತು, ಒಟ್ಟು ಹನ್ನೆರಡು ವರ್ಷಗಳ ಮೇಲೆ ಪೂರ್ಣ ಸಹಭಾಗಿತ್ವಕ್ಕೆ ಬರಬೇಕು. ಸಾಯುವ ಹೊತ್ತಿನಲ್ಲಿ ಮಾತ್ರ ಯಾರಿಗೂ ಕೊನೆಯ ಪ್ರಸಾದವನ್ನು ತಪ್ಪಿಸಬಾರದು. ಈ ಮೆಟ್ಟಿಲುಗಳಲ್ಲಿ ಕಾಯುವುದಕ್ಕೆ ಸ್ಥಳವಿದೆ, ಮಾಡುವುದಕ್ಕೆ ಕೆಲಸವಿಲ್ಲ.

ಅಗಸ್ಟೀನನ ನಿಜವಾದ ಕೊಡುಗೆ ಬೇರೆಡೆಯಲ್ಲಿದೆ. ಮನುಷ್ಯ ತನ್ನ ಸಂಕಲ್ಪಬಲದಿಂದ ಒಳ್ಳೆಯವನಾಗಬಲ್ಲನೆಂದು ಬೋಧಿಸಿದ ಪೆಲಾಜಿಯಸ್‌ನ ವಿರುದ್ಧ ವಾದಿಸುತ್ತ, ತಿರುಗಿ ಬರಬೇಕೆಂಬ ಮನಸ್ಸೂ ಕೃಪೆಯ ಫಲವೇ ಎಂದು ಅವನು ಹೇಳಿದ. 418ರ ಕಾರ್ಥೇಜ್ ಪರಿಷತ್ತು ಪೆಲಾಜಿಯಸ್‌ನ ಬೋಧನೆಯನ್ನು ಖಂಡಿಸಿತು. ಪೆಲಾಜಿಯಸ್‌ನದು ನೋಡಲು ಉತ್ತೇಜಕವಾದ ಬೋಧನೆ, ಆದರೆ ಸೋತವನ ಪಾಲಿಗೆ ಅದು ಕ್ರೂರ, ಏಕೆಂದರೆ ಎಲ್ಲವೂ ಸಂಕಲ್ಪದ ಕೈಯಲ್ಲಿದ್ದರೆ ಸೋಲೂ ಸಂಪೂರ್ಣವಾಗಿ ಅವನದೇ ಆಗುತ್ತದೆ.

ಜೀವಮಾನದಲ್ಲಿ ಒಂದೇ ಬಾರಿ, ಅದೂ ಎಲ್ಲರೆದುರು ಎಂಬ ಪ್ರಾಯಶ್ಚಿತ್ತ ಪದ್ಧತಿಯನ್ನು ಸಡಿಲಿಸಿದವರು ಪಶ್ಚಿಮದ ಅಂಚಿನಲ್ಲಿದ್ದ ಐರ್ಲೆಂಡಿನ ಸಂನ್ಯಾಸಿಗಳು. ಗುಟ್ಟಾಗಿ ಒಬ್ಬ ಗುರುವಿಗೆ ಪಾಪ ಹೇಳಿಕೊಂಡು, ಅವನು ವಿಧಿಸಿದ್ದನ್ನು ಮಾಡಿ ಮುಗಿಸಿ, ಮತ್ತೆ ಬಿದ್ದರೆ ಮತ್ತೆ ಬರುವ ಈ ಪದ್ಧತಿಯನ್ನು ಕೊಲಂಬಾನಸ್ ಮೊದಲಾದವರು ಆರನೆಯ ಶತಮಾನದ ಕೊನೆಗೆ ಯುರೋಪಿಗೆ ಒಯ್ದರು. ಪದೇಪದೇ ಕ್ಷಮೆ ಕೇಳುವ ಅಭ್ಯಾಸವನ್ನು 589ರ ತೊಲೇದೊ ಪರಿಷತ್ತು ಅಸಹ್ಯವೆಂದು ತಳ್ಳಿಹಾಕಿದರೂ, ಗೆದ್ದದ್ದು ಅದೇ ಅಭ್ಯಾಸ. 1215ರ ನಾಲ್ಕನೆಯ ಲ್ಯಾಟೆರನ್ ಪರಿಷತ್ತು ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಬೇಕೆಂದು ಎಲ್ಲರಿಗೂ ವಿಧಿಸಿತು. ಈ ಸಂನ್ಯಾಸಿಗಳ ಪ್ರಾಯಶ್ಚಿತ್ತ ಕೈಪಿಡಿಗಳನ್ನು ಪಾಪಕ್ಕೆ ದರ ಗೊತ್ತುಮಾಡಿದ ಪಟ್ಟಿಗಳೆಂದು ಹೀಗಳೆಯುವವರುಂಟು. ಪಟ್ಟಿಗಳೇನೋ ಹೌದು, ಆದರೆ ಅವುಗಳ ನಡುವೆ ಕಣ್ಣಿಗೆ ಬೀಳುವ ಕೆಲವು ವಿಧಿಗಳು ಬೇರೆಲ್ಲಿಯೂ ಕಾಣದಷ್ಟು ವಿವೇಕದವು. ಕೊಲಂಬಾನಸ್‌ನ ಹೆಸರಿನಲ್ಲಿರುವ ಕೈಪಿಡಿಯ ಪ್ರಕಾರ, ಕೊಲೆ ಮಾಡಿದ ಗೃಹಸ್ಥನು ಮೂರು ವರ್ಷ ಆಯುಧವಿಲ್ಲದೆ ದೇಶಾಂತರದಲ್ಲಿ ರೊಟ್ಟಿ ನೀರಿನಲ್ಲಿ ಕಳೆದು, ಮರಳಿ ಬಂದ ಮೇಲೆ, ಸತ್ತವನ ತಂದೆತಾಯಿಗಳಿಗೆ ಮಗನಂತೆ ಸೇವೆ ಸಲ್ಲಿಸಬೇಕು. ಸತ್ತವನ ಮನೆಗೆ ನೀರು ಹೊರುವ, ಹೊಲ ಉಳುವ ಕೈ ಯಾರು ಎಂಬ ಪ್ರಶ್ನೆಯನ್ನು ನಿಕೇಯದ ಹನ್ನೆರಡು ವರ್ಷಗಳ ಲೆಕ್ಕ ಕೇಳಿರಲಿಲ್ಲ. ಕೊಂದವನು ಮನೆಯಂಗಳದಲ್ಲಿ ಕಾಣಿಸಿಕೊಳ್ಳುವುದನ್ನು ಆ ತಂದೆತಾಯಿಗಳು ಬಯಸಿದರೇ ಎಂಬುದನ್ನು ಕೈಪಿಡಿಯೂ ಕೇಳುವುದಿಲ್ಲವೆನ್ನಿ. ಆದರೂ ಕ್ಷಮೆ, ಕೆಲಸ, ನೊಂದವರು ಎಂಬ ಮೂರೂ ಒಂದೇ ವಿಧಿಯೊಳಗೆ ಬಂದದ್ದು ಇಲ್ಲಿ.

ಮಾರ್ಟಿನ್ ಲೂಥರ್ ಎರ್ಫರ್ಟಿನ ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡಿಯೂ ನೆಮ್ಮದಿ ಕಾಣದೆ ಬಳಲಿದ್ದು ಪ್ರಸಿದ್ಧ. ವಿಶ್ವಾಸಿಯ ಇಡೀ ಬಾಳೇ ಪಶ್ಚಾತ್ತಾಪವಾಗಿರಬೇಕೆಂದು 1517ರ ತೊಂಬತ್ತೈದು ಪ್ರಮೇಯಗಳಲ್ಲಿ ಮೊದಲನೆಯದು ಹೇಳುತ್ತದೆ. ಮನುಷ್ಯ ಏಕಕಾಲದಲ್ಲಿ ನೀತಿವಂತನೂ ಪಾಪಿಯೂ ಹೌದೆಂಬುದು ಅವನ ಪಕ್ವ ನಿಲುವು. ಇದಕ್ಕಿಂತ ಇಲ್ಲಿ ಪ್ರಸ್ತುತವಾದದ್ದು ಕರೆಯ ಕುರಿತ ಅವನ ವಿಚಾರ. ಅಲ್ಲಿಯವರೆಗೆ ಗುರುಗಳಿಗೂ ಸಂನ್ಯಾಸಿಗಳಿಗೂ ಮೀಸಲಾಗಿದ್ದ 'ಕರೆ'ಯನ್ನು ಅವನು ಚಮ್ಮಾರನ, ತಾಯಿಯ, ಮನೆಗೆಲಸದವಳ ದುಡಿಮೆಗೂ ಹರಡಿದ್ದರಿಂದ, ಸೋತವನು ಮರಳಿ ಹಿಡಿಯಬೇಕಾದ ಕೆಲಸಕ್ಕೆ ಸಭೆಯ ಅಪ್ಪಣೆಯೇ ಬೇಕಿಲ್ಲವೆಂದಾಯಿತು. ಪ್ರತಿಯಾಗಿ 1551ರಲ್ಲಿ ಟ್ರೆಂಟ್ ಪರಿಷತ್ತು ಪಾಪನಿವೇದನೆ ಸಂಸ್ಕಾರವೇ ಎಂದು ದೃಢಪಡಿಸಿತು. ಪ್ರಾಟೆಸ್ಟಂಟ್ ಸುಧಾರಣೆಯ ಕಾಲದ ಸೋಲುಗಳಲ್ಲಿ ಇಂಗ್ಲೆಂಡಿನ ಆರ್ಚ್‌ಬಿಷಪ್ ಥಾಮಸ್ ಕ್ರ್ಯಾನ್ಮರನದು ಮರೆಯಲಾಗದ್ದು: ಸೆರೆಯಲ್ಲಿ ಪದೇಪದೇ ತನ್ನ ಬೋಧನೆಯನ್ನು ಹಿಂತೆಗೆದುಕೊಂಡು ಸಹಿ ಹಾಕಿದ ಅವನು, 1556ರ ಮಾರ್ಚ್ 21ರಂದು ಆಕ್ಸ್‌ಫರ್ಡಿನಲ್ಲಿ ಆ ಸಹಿಗಳನ್ನೇ ನಿರಾಕರಿಸಿ, ಸಹಿ ಹಾಕಿದ ಬಲಗೈಯನ್ನು ಮೊದಲು ಬೆಂಕಿಗೊಡ್ಡಿದ.

ಕೃಪೆಯ ಕಥೆಗಳಲ್ಲಿ ಅತಿ ಹೆಚ್ಚು ಹೇಳಲಾಗುವ, ಅತಿ ಹೆಚ್ಚು ಸರಳಗೊಳಿಸಲಾಗುವ ಕಥೆ ಜಾನ್ ನ್ಯೂಟನ್‌ನದು. ಗುಲಾಮರ ವ್ಯಾಪಾರದಲ್ಲಿದ್ದ ನಾವಿಕನೊಬ್ಬ 1748ರ ಬಿರುಗಾಳಿಯಲ್ಲಿ ದೇವರನ್ನು ನೆನೆದು, ಬದುಕನ್ನು ಬದಲಿಸಿಕೊಂಡು, 'ಅಮೇಜಿಂಗ್ ಗ್ರೇಸ್' ಎಂಬ ಲೋಕಪ್ರಸಿದ್ಧ ಗೀತೆಯನ್ನು ಬರೆದನೆಂದು ಕೇಳಿಬರುತ್ತದೆ. ತಾರೀಖುಗಳು ಇಷ್ಟು ಅಂದವಾಗಿ ಸಾಲಾಗುವುದಿಲ್ಲ. ಬಿರುಗಾಳಿಯ ನಂತರವೇ ಅವನು ಗುಲಾಮರ ಹಡಗುಗಳ ಕಪ್ತಾನನಾದದ್ದು. ಹಡಗು ಬಿಟ್ಟದ್ದು 1754ರಲ್ಲಿ, ಅದೂ ಕಾಯಿಲೆ ಬಿದ್ದು. 1764ರಲ್ಲಿ ಗುರುದೀಕ್ಷೆ ಪಡೆದ. ಆ ಗೀತೆ ಅಚ್ಚಾದದ್ದು 1779ರಲ್ಲಿ. ಗುಲಾಮ ವ್ಯಾಪಾರವನ್ನು ಬಹಿರಂಗವಾಗಿ ಖಂಡಿಸಿ, ಹಡಗಿನ ತಳದಲ್ಲಿ ಮನುಷ್ಯರನ್ನು ಒತ್ತೊತ್ತಾಗಿ ಮಲಗಿಸುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡವನಾಗಿ ಅವನು ಬರೆದದ್ದು 1788ರಲ್ಲಿ, ಬಿರುಗಾಳಿಯಾಗಿ ನಲವತ್ತು ವರ್ಷಗಳ ಮೇಲೆ. ಬ್ರಿಟನ್ ಆ ವ್ಯಾಪಾರವನ್ನು ನಿಷೇಧಿಸಿದ 1807ರ ಕೊನೆಯಲ್ಲಿ ಅವನು ತೀರಿಕೊಂಡ. ತನಗೆ ಕ್ಷಮೆ ಸಿಕ್ಕಿತೆಂದು ಅವನಿಗೆ ಬೇಗ ಗೊತ್ತಾಯಿತು. ಯಾವುದಕ್ಕೆ ಕ್ಷಮೆ ಬೇಕಿತ್ತೆಂದು ಪೂರ್ತಿಯಾಗಿ ಗೊತ್ತಾಗಲು ಅಷ್ಟು ಕಾಲ ಹಿಡಿಯಿತು. ಅವನ ಬದುಕಿಗೆ ಉದ್ದೇಶ ಒದಗಿದ್ದು ಗೀತೆಯಿಂದ ಎನ್ನುವುದಕ್ಕಿಂತ ಆ ಸಾಕ್ಷ್ಯದಿಂದ ಎನ್ನುವುದು ನ್ಯಾಯ.

ಕ್ಷಮಿಸುವ ಗುರುವೇ ಇಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಜಪಾನಿನ ಉದಾಹರಣೆ ಅಪೂರ್ವ. ಹದಿನೇಳನೆಯ ಶತಮಾನದ ನಿಷೇಧದ ನಂತರ ನಾಗಸಾಕಿ ಸುತ್ತಿನ ಜನರು ಕ್ರಿಸ್ತ ಅಥವಾ ಮರಿಯಳ ಪ್ರತಿಮೆಯನ್ನು ಕಾಲಿನಿಂದ ತುಳಿದು ತಾವು ಕ್ರೈಸ್ತರಲ್ಲವೆಂದು ವರ್ಷವರ್ಷವೂ ತೋರಿಸಬೇಕಾಗಿತ್ತು. ಆ ಪ್ರತಿಮೆಗೆ 'ಫುಮಿಎ' ಎಂದು ಹೆಸರು. ಗುಪ್ತ ಕ್ರೈಸ್ತರು ತುಳಿದು ಮನೆಗೆ ಬಂದು, 'ಕೊಂಚಿರಿಸಾನ್' ಎಂಬ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಹೇಳಿಕೊಳ್ಳುತ್ತಿದ್ದರು. ಗುರು ಸಿಗದಾಗ ಹೃದಯಪೂರ್ವಕ ಪಶ್ಚಾತ್ತಾಪವೇ ಸಾಕೆಂಬ ಬೋಧನೆಯುಳ್ಳ 1603ರ ಕಿರುಹೊತ್ತಗೆಯನ್ನು ಅವರು ಕೈಬರಹದಲ್ಲಿ ತಲೆಮಾರುಗಳ ಕಾಲ ಉಳಿಸಿಕೊಂಡು ಬಂದಿದ್ದರು. ತುಳಿಯದೆ ಸತ್ತವರನ್ನು ಧರ್ಮಸಭೆ ಸಂತರ ಸಾಲಿಗೆ ಸೇರಿಸಿತು. ಆದರೆ 1865ರಲ್ಲಿ ನಾಗಸಾಕಿಯ ಓಉರಾ ಇಗರ್ಜಿಗೆ ಬಂದು ಫ್ರೆಂಚ್ ಗುರುವಿಗೆ ತಮ್ಮ ಗುರುತು ಹೇಳಿಕೊಂಡವರು ತುಳಿದು ಬದುಕಿದವರ ಮಕ್ಕಳುಮರಿಗಳು. ಇನ್ನೂರಕ್ಕೂ ಹೆಚ್ಚು ವರ್ಷ ನಂಬಿಕೆಯನ್ನು ಸಾಗಿಸಿದ ಕೆಲಸ ವರ್ಷವರ್ಷವೂ ಸೋಲುತ್ತಿದ್ದವರದು. ಶುಸಾಕು ಎಂಡೊ 1966ರಲ್ಲಿ ಪ್ರಕಟಿಸಿದ 'ಮೌನ' ಕಾದಂಬರಿಯಲ್ಲಿ ಮತ್ತೆಮತ್ತೆ ದ್ರೋಹ ಬಗೆದು ಮತ್ತೆಮತ್ತೆ ಪಾಪನಿವೇದನೆಗೆ ಬರುವ ಕಿಚಿಜಿರೊ ಎಂಬ ಪಾತ್ರದ ಹಿಂದೆ ಈ ಚರಿತ್ರೆಯಿದೆ.

ಕರ್ನಾಟಕಕ್ಕೂ ಈ ಪ್ರಶ್ನೆ ಒಮ್ಮೆ ನೇರವಾಗಿ ಎದುರಾಯಿತು. 1784ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಸಂಖ್ಯೆಯ ಬಗೆಗೂ ಅವನ ಉದ್ದೇಶದ ಬಗೆಗೂ ಇತಿಹಾಸಕಾರರಲ್ಲಿ ಒಮ್ಮತವಿಲ್ಲವಾದರೂ, ಸೆರೆಯಲ್ಲಿ ಅನೇಕರು ಬಲವಂತದ ಮತಾಂತರಕ್ಕೆ ಒಳಗಾದದ್ದುಂಟು. 1799ರಲ್ಲಿ ಕೋಟೆ ಬಿದ್ದ ಮೇಲೆ, ಛಿದ್ರವಾಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕಟ್ಟಲು ಬಂದವನು ಪ್ಯಾರಿಸ್ ಮಿಷನ್ ಸಂಸ್ಥೆಯ ಅಬ್ಬೆ ದ್ಯುಬುವಾ. ಮರಳಿ ಬಂದವರನ್ನು ಅವನು ಸಭೆಗೆ ಸೇರಿಸಿಕೊಂಡ. ಆದರೂ ಅಷ್ಟು ಸಾವಿರ ಜನರಲ್ಲಿ ಒಬ್ಬನಾದರೂ ರಕ್ತಸಾಕ್ಷಿಯಾಗುವ ಧೈರ್ಯ ತೋರಲಿಲ್ಲವೆಂದು ಮುಂದೆ ಕಟುವಾಗಿ ಬರೆದ. ಸ್ವತಃ ತಲೆಮರೆಸಿಕೊಂಡಿದ್ದ ಸಿಪ್ರಿಯನ್ ಬಿದ್ದವರ ಬಗ್ಗೆ ಬರೆದುದರಲ್ಲಿರುವ ಕಣ್ಣೀರು ಇಲ್ಲಿ ಕಾಣುವುದಿಲ್ಲ. ವಿಚಿತ್ರವೆಂದರೆ ದ್ಯುಬುವಾ ತನ್ನ ಬಾಳನ್ನೂ ಅದೇ ನಿಷ್ಠುರ ತಕ್ಕಡಿಯಲ್ಲಿ ತೂಗಿಕೊಂಡ. ಮೂವತ್ತು ವರ್ಷ ಇಲ್ಲಿದ್ದು, ಇಲ್ಲಿಯವರ ಉಡುಗೆ ಊಟವನ್ನೇ ರೂಢಿಸಿಕೊಂಡು, 1823ರಲ್ಲಿ ಫ್ರಾನ್ಸಿಗೆ ಮರಳಿ, ಹಿಂದೂಗಳ ಮತಾಂತರ ಆಗದ ಕೆಲಸವೆಂದೂ ತನ್ನ ಶ್ರಮ ಫಲಿಸಲಿಲ್ಲವೆಂದೂ ಲಂಡನ್ನಿನಲ್ಲಿ ಅಚ್ಚಾದ ಪತ್ರಗಳಲ್ಲಿ ಘೋಷಿಸಿದ. ಸಿಡುಬಿಗೆ ದೇವಿ ಹಾಕುವ ಪದ್ಧತಿಯನ್ನು ಮೈಸೂರು ಸೀಮೆಯ ಹಳ್ಳಿಗಳಿಗೆ ಮುಟ್ಟಿಸಲು ಅವನು ದುಡಿದದ್ದು, ಹಿಂದೂಗಳ ಆಚಾರ ವಿಚಾರಗಳ ಕುರಿತು ಅವನ ಹೆಸರಿನಲ್ಲಿ ಬಂದ ಪುಸ್ತಕ (ಅದರಲ್ಲಿ ಬಹುಭಾಗ ಹಿಂದಿನ ಪಾದ್ರಿಯೊಬ್ಬನ ಬರಹದಿಂದ ಎತ್ತಿಕೊಂಡದ್ದೆಂದು ಈಗ ವಿದ್ವಾಂಸರು ತೋರಿಸಿದ್ದಾರೆ) ಇವು ಮತಾಂತರದ ಲೆಕ್ಕದಲ್ಲಿ ಸೇರಲಿಲ್ಲ. ವೈಫಲ್ಯವನ್ನು ಅಳೆಯುವ ಕೋಲು ಯಾವುದೆಂಬುದನ್ನು ಮೊದಲು ಪರೀಕ್ಷಿಸಬೇಕೆಂಬುದಕ್ಕೆ ಅವನ ಬಾಳು ಒಳ್ಳೆಯ ನಿದರ್ಶನ.

ಇಪ್ಪತ್ತನೆಯ ಶತಮಾನದಲ್ಲಿ ಚರ್ಚೆ ಎರಡು ದಿಕ್ಕಿಗೆ ಹರಿಯಿತು. ಜರ್ಮನಿಯ ಡೀಟ್ರಿಕ್ ಬಾನ್‌ಹೋಫರ್ 1937ರ ಗ್ರಂಥದಲ್ಲಿ ಅನುಸರಣೆಯಿಲ್ಲದ, ಬೆಲೆ ತೆರದ ಕ್ಷಮೆಯನ್ನು 'ಅಗ್ಗದ ಕೃಪೆ' ಎಂದು ಕರೆದು ತನ್ನ ಕಾಲದ ಸಭೆಯನ್ನು ಎಚ್ಚರಿಸಿದ. ಅಮೆರಿಕದಲ್ಲಾದರೋ ಸೋಲಿನ ಕಥೆಯೇ ಒಂದು ಸಾಹಿತ್ಯ ಪ್ರಕಾರವಾಗಿ ಬೆಳೆಯಿತು. ವಾಟರ್‌ಗೇಟ್ ಹಗರಣದ ಕಾಲದಲ್ಲಿ ಜೈಲು ಸೇರಿದ ಚಾರ್ಲ್ಸ್ ಕೋಲ್ಸನ್ 1976ರಲ್ಲಿ ಕೈದಿಗಳ ಸೇವೆಗೆ ಸಂಸ್ಥೆ ಕಟ್ಟಿದ್ದು ನಿಜವಾದ ಕೆಲಸವೇ. ಅವನ ಹಿಂದೆ ಬಂದ ಅನೇಕ ಆತ್ಮಕಥನಗಳಲ್ಲಿ ಮಾತ್ರ ಪತನವು ಯಶಸ್ಸಿನ ಮುನ್ನುಡಿಯಂತೆ ತೋರುತ್ತದೆ, ಸೋತು ಸೋತಂತೆಯೇ ಉಳಿದವರಿಗೆ ಅಲ್ಲಿ ಜಾಗವಿಲ್ಲ. ಇದಕ್ಕಿಂತ ಗಟ್ಟಿಯಾದ ಮಾದರಿ ಚರ್ಚಿನ ಹೊರಗೆ ಬೆಳೆಯಿತು. ಆಕ್ಸ್‌ಫರ್ಡ್ ಗ್ರೂಪ್ ಎಂಬ ಕ್ರೈಸ್ತ ಚಳವಳಿಯ ಪ್ರಭಾವದಲ್ಲಿ 1935ರಲ್ಲಿ ಒಹಾಯೊದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು ಆರಂಭಿಸಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಳಗದ ಹನ್ನೆರಡು ಹೆಜ್ಜೆಗಳಲ್ಲಿ, ತಾನು ನೋಯಿಸಿದವರ ಪಟ್ಟಿ ಮಾಡುವುದು ಒಂದು, ಅವರಿಗೆ ಇನ್ನಷ್ಟು ಹಾನಿಯಾಗದಂತೆ ನೋಡಿಕೊಂಡು ಪರಿಹಾರ ಸಲ್ಲಿಸುವುದು ಇನ್ನೊಂದು, ಇನ್ನೊಬ್ಬ ಕುಡುಕನ ಬಳಿಗೆ ಹೋಗುವುದು ಕೊನೆಯದು. ಕುಡಿತ ಬಿಟ್ಟವನಿಗೆ ಅವನ ಹಳೆಯ ಸೋಲೇ ಈ ಕೆಲಸಕ್ಕೆ ಅರ್ಹತೆ. ಸೋಲದವನಿಗೆ ಅದನ್ನು ಮಾಡಲಾಗದು.

ಕೃಪೆ ಮತ್ತು ಅಧಿಕಾರದ ವಿಂಗಡಣೆ ಮತ್ತೆ ಮುನ್ನೆಲೆಗೆ ಬಂದದ್ದು ಗುರುಗಳು ಮಕ್ಕಳ ಮೇಲೆ ನಡೆಸಿದ ಲೈಂಗಿಕ ದೌರ್ಜನ್ಯಗಳು ಬಯಲಾದಾಗ. ಪಶ್ಚಾತ್ತಾಪಪಟ್ಟನೆಂದು ನಂಬಿ ಒಬ್ಬನನ್ನು ಇನ್ನೊಂದು ಧರ್ಮಕೇಂದ್ರಕ್ಕೆ ವರ್ಗ ಮಾಡಿದ ಅಧಿಕಾರಿಗಳಲ್ಲಿ ಕೆಲವರು ತಾವು ಕೃಪೆಯನ್ನೇ ತೋರುತ್ತಿದ್ದೇವೆಂದು ಭಾವಿಸಿದ್ದರು. ಅದರ ಬೆಲೆ ತೆತ್ತವರು ಹೊಸ ಊರಿನ ಮಕ್ಕಳು. 2002ರಲ್ಲಿ ಡಲ್ಲಾಸಿನಲ್ಲಿ ಸೇರಿದ ಅಮೆರಿಕದ ಕಥೋಲಿಕ ಧರ್ಮಾಧ್ಯಕ್ಷರು, ಇಂಥ ಒಂದೇ ಕೃತ್ಯ ಸಾಬೀತಾದರೂ ಆ ಗುರುವನ್ನು ಸೇವೆಯಿಂದ ಶಾಶ್ವತವಾಗಿ ತೆಗೆಯಬೇಕೆಂದು ಗೊತ್ತುಪಡಿಸಿದರು. ಇದು ಕೃಪೆಯ ನಿರಾಕರಣೆಯೆಂದು ಆಗ ಕೆಲವರು ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿಲ್ಲ, ತ್ರೋಫಿಮಸ್‌ನಿಗೆ ಮೂರನೆಯ ಶತಮಾನದಲ್ಲಿ ಹೇಳಿದ್ದೂ ಇದನ್ನೇ, ಮತ್ತು ಪೇತ್ರ ಜೀವಭಯದಿಂದ ಆಡಿದ ಸುಳ್ಳನ್ನು ಮಂದೆಯ ಮರಿಗಳನ್ನೇ ತಿಂದ ಕುರುಬನ ಅಪರಾಧದ ಪಕ್ಕದಲ್ಲಿಡುವುದು ಸುವಾರ್ತೆಯ ದುರುಪಯೋಗ. ಕೊರತೆ ಇರುವುದು ಬೇರೆಡೆ. ವಯಸ್ಸು ಅಥವಾ ಅನಾರೋಗ್ಯದ ಕಾರಣದಿಂದ ಗುರುಪಟ್ಟದಿಂದಲೇ ವಜಾ ಆಗದ ಅಪರಾಧಿ ಪ್ರಾರ್ಥನೆ ಮತ್ತು ಪ್ರಾಯಶ್ಚಿತ್ತದಲ್ಲಿ ಉಳಿದ ಬಾಳನ್ನು ಕಳೆಯಬೇಕೆಂದು ಆ ನಿಯಮಗಳು ಹೇಳುತ್ತವೆ. ಆ ಪ್ರಾಯಶ್ಚಿತ್ತದ ರೂಪವೇನು, ಅದರಲ್ಲಿ ನೊಂದವರಿಗೆ ಸಲ್ಲಬೇಕಾದ ಪಾಲು ಎಷ್ಟು, ಅದು ಸಲ್ಲಿತೆಂದು ಹೇಳುವವರು ಯಾರು, ಅಪರಾಧಿಯನ್ನು ಕಣ್ಣೆತ್ತಿಯೂ ನೋಡಲೊಲ್ಲದ ಸಂತ್ರಸ್ತರಿಗೆ ಅವನಿಂದ ಏನು ಸಲ್ಲಬಲ್ಲದು ಎಂಬುದನ್ನು ನಿಯಮ ವಿವರಿಸುವುದಿಲ್ಲ. ಸತ್ತವನ ತಂದೆತಾಯಿಗಳ ಹೊಲದವರೆಗೂ ಹೋಗಿ ಯೋಚಿಸಿದ್ದ ಐರ್ಲೆಂಡಿನ ಕೈಪಿಡಿಗಳ ನಂತರ, ಈ ಭಾಗವನ್ನು ಹೊಸದಾಗಿ ಬರೆಯುವ ಕೆಲಸ ಚರ್ಚುಗಳ ಮುಂದೆ ಹಾಗೆಯೇ ಉಳಿದಿದೆ.